ವಾಲಿದ ಗೆಲಾಕ್ಸಿಗಳ ಹಿಂದೆ ಹನ್ನೊಂದು ತಿಂಗಳು

ದಾವಣಗೆರೆ ಸ್ಟೇಷನ್ನು

ನನ್ನನ್ನು ಕಳಿಸಿಕೊಡಲು ದಾವಣಗೆರೆ ಸ್ಟೇಷನ್ನಿಗೆ ಬಂದವರಲ್ಲಿ ನಾನು ಎಲ್ಲಿಗೆ, ಯಾತಕ್ಕೆ ಹೊರಟಿದ್ದೇನೆಂದು ಸರಿಯಾಗಿ ತಿಳಿದವರು ಒಬ್ಬರೂ ಇರಲಿಲ್ಲ. ನನಗೇ ಅದು ಅರ್ಧಂಬರ್ಧ ಗೊತ್ತಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದ ನಾನು ಸ್ಕಾಟ್ಲೆಂಡಿನ ಒಂದು ವೀಕ್ಷಣಾಲಯಕ್ಕೆ ಧೈರ್ಯ ಮಾಡಿ ಕಾಗದ ಬರೆದಿದ್ದೆ. ಗೆಲಾಕ್ಸಿಗಳನ್ನು ಅಳೆಯುವ ಕೆಲಸಕ್ಕೆ ಒಂದು ವರ್ಷ ಬಾ ಎಂದು ಅವರೂ ಬರೆದುಬಿಟ್ಟರು.

ಪಕ್ಕದ ಮನೆಯ ಗೌರಮ್ಮ ಹೂವಿನ ದಂಡೆ ಮುಡಿಸುತ್ತಾ ಕೇಳಿದರು. "ಗಿರಿಜಾ, ಈ ಗೆಲಾಕ್ಸಿ ಅನ್ನೋದು ಲಂಡನ್ನಿಂದ ಎಷ್ಟು ದೂರ ಐತೆ?"

"ಅದು ಊರಲ್ಲ ಗೌರಮ್ಮಾರೆ. ನಮ್ಮ ಆಕಾಶಗಂಗೆ ಇದೆಯಲ್ಲ, ಅಂಥವೇ ಇನ್ನೂ ಬೇಕಾದಷ್ಟಿವೆ. ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ನಕ್ಷತ್ರ."

"ಹಂಗಾದ್ರೆ ಬಸ್ಸು ಗಿಸ್ಸು ಇರಲ್ಲ ಬಿಡು" ಎಂದರು.

ಅವ್ವ ಕಿಟಕಿಯ ಹೊರಗೆ ನಿಂತಿದ್ದಳು. ಅಪ್ಪ ತೀರಿಹೋದ ಮೇಲೆ ಹತ್ತಿಯ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸ ಮಾಡಿ ನನ್ನನ್ನು ಓದಿಸಿದವಳು. ರೈಲು ಕದಲುವಾಗ ಕಿಟಕಿಯೊಳಗೆ ಕೈ ಹಾಕಿ ನನ್ನ ಗಲ್ಲ ಹಿಡಿದು, "ಮಾಡಾಕಾಗದಿದ್ರೆ ವಾಪಸ್ ಬಾ. ನಾಚ್ಕೋಬ್ಯಾಡ" ಎಂದಳು. ರೈಲು ಹರಿಹರದ ಹತ್ತಿರ ಹೊಳೆ ದಾಟುವವರೆಗೂ ನನಗೆ ಆ ಮಾತೇ ಕಿವಿಯಲ್ಲಿತ್ತು. ಅವಳು ನನಗೆ ಧೈರ್ಯ ಹೇಳಿದಳೋ, ಇಲ್ಲ ನನ್ನ ಕೈಲಾಗದೆಂದು ಅವಳಿಗೆ ಖಾತ್ರಿಯಿತ್ತೋ, ತಿಳಿಯಲಿಲ್ಲ.

ಹಡಗು

ಮುಂಬಯಿಯಿಂದ ಹೊರಟ ಹಡಗಿನಲ್ಲಿ ಮೊದಲ ವಾರವೆಲ್ಲ ಬೆಳಗಿನ ತಿಂಡಿಗೆ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದೆ. ಬಾಗಿಲು ಮುಚ್ಚಿರುತ್ತಿತ್ತು. ದಿನದಿಂದ ದಿನಕ್ಕೆ ಇನ್ನೂ ಹೆಚ್ಚು ಹೊತ್ತು ಕಾಯಬೇಕಾಗುತ್ತಿತ್ತು. ಈ ಜನ ದಿನೇ ದಿನೇ ಸೋಮಾರಿಗಳಾಗುತ್ತಿದ್ದಾರೆಂದು ಮನಸ್ಸಿನಲ್ಲೇ ಬೈದುಕೊಂಡೆ. ಏಡನ್ ಹತ್ತಿರ ಬಂದಾಗ ಊಟದ ಕೋಣೆಯ ಗೋವೆಯ ಪರಿಚಾರಕ ನನ್ನ ಕೈಗಡಿಯಾರ ನೋಡಿ ನಕ್ಕ. ಹಡಗು ಪಶ್ಚಿಮಕ್ಕೆ ಹೋದಂತೆಲ್ಲ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕಂತೆ. ನಾನೊಬ್ಬಳು ಮಾತ್ರ ದಾವಣಗೆರೆಯ ಹೊತ್ತಿನಲ್ಲೇ ಸಮುದ್ರ ದಾಟುತ್ತಿದ್ದೆ.

ಭೂಮಿ ತಿರುಗುವುದನ್ನು ಹುಡುಗಿಯರಿಗೆ ಕಿತ್ತಳೆಹಣ್ಣು ಹಿಡಿದು ಪಾಠ ಮಾಡಿದವಳು ನಾನು. ಇದನ್ನು ಯಾರಿಗೂ ಬರೆಯಬಾರದೆಂದು ಆಗ ತೀರ್ಮಾನಿಸಿದ್ದೆ. ಈಗ ಬರೆಯುತ್ತಿದ್ದೇನೆ.

ಕತ್ತಲಾಗದ ಊರು

ವೀಕ್ಷಣಾಲಯವಿದ್ದದ್ದು ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ. ಕಲ್ಲಿನ ಮನೆಗಳು, ಮೀನಿನ ದೋಣಿಗಳು, ಸದಾ ಗಾಳಿ. ನಾನು ಇಳಿದುಕೊಂಡ ಮನೆಯ ಒಡತಿ ಮಿಸೆಸ್ ರೀಡ್ ವಿಧವೆ. ಆಕೆ ಮಾತಾಡುತ್ತಿದ್ದುದು ಇಂಗ್ಲಿಷ್ ಎಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು.

ಮೊದಲ ದಿನ ಊಟವಾಗಿ ಬಹಳ ಹೊತ್ತಾದರೂ ಹೊರಗೆ ಬೆಳಕಿತ್ತು. ನಕ್ಷತ್ರ ನೋಡಬೇಕೆಂದು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಹತ್ತು ಗಂಟೆಗೂ ಬೆಳಕು. ಮಿಸೆಸ್ ರೀಡ್ ಬಂದು ದಪ್ಪ ಪರದೆ ಎಳೆದರು.

"ಇಲ್ಲಿ ಕತ್ತಲಾಗುವುದು ಯಾವಾಗ?" ಎಂದು ಕೇಳಿದೆ.

ಆಕೆ ಉದ್ದಕ್ಕೆ ಏನೋ ಹೇಳಿದರು; ನನಗೆ ತಿಳಿದದ್ದು "ಆಗಸ್ಟಿನಲ್ಲಿ" ಎಂಬುದೊಂದೇ.

ಆಗಿನ್ನೂ ಜೂನ್. ಬಾತಿ ಕೆರೆಯ ದಂಡೆಯಲ್ಲಿ ನಿಂತರೆ ಬರಿಗಣ್ಣಿಗೇ ಆಕಾಶಗಂಗೆ ಕಾಣುವ ಊರನ್ನು ಬಿಟ್ಟು, ಆಕಾಶ ನೋಡಲೆಂದು ಬೇಸಗೆಯಲ್ಲಿ ನಕ್ಷತ್ರವೇ ಕಾಣದ ಊರಿಗೆ ಬಂದಿದ್ದೆ.

ಮರುದಿನ ಪಕ್ಕದ ಮನೆಯವರು ಐದೂವರೆಗೆ ಟೀಗೆ ಕರೆದರು. ಬರೀ ಟೀ ತಾನೇ ಎಂದು ಹೊಟ್ಟೆ ತುಂಬ ಅನ್ನ ಉಂಡು ಹೋದೆ. ಅಲ್ಲಿ ಟೀ ಎಂದರೆ ರಾತ್ರಿಯ ಊಟ. ಮೇಜಿನ ಮೇಲೆ ಮಾಂಸ, ಮೊಟ್ಟೆ, ಆಲೂಗಡ್ಡೆ. ನಾನು ಮಾಂಸ ತಿನ್ನುವುದಿಲ್ಲ ಎಂದೆ. ಸಂತೋಷದಿಂದ ತಟ್ಟೆ ಬದಲಾಯಿಸಿ ಮೀನು ಬಡಿಸಿದರು. ಅದನ್ನೂ ತಿನ್ನುವುದಿಲ್ಲವೆಂದಾಗ ಇಡೀ ಮನೆ ನನ್ನ ಆರೋಗ್ಯದ ಬಗ್ಗೆ ಚಿಂತಿಸತೊಡಗಿತು.

ಗಾಜಿನ ಮೇಲಿನ ಆಕಾಶ

ಕತ್ತಲಿಲ್ಲದಿದ್ದರೂ ಕೆಲಸಕ್ಕೆ ತೊಂದರೆಯಿರಲಿಲ್ಲ. ದೂರದ ದೇಶಗಳ ದೊಡ್ಡ ದೂರದರ್ಶಕಗಳಲ್ಲಿ ತೆಗೆದ ಚಿತ್ರಗಳು ಗಾಜಿನ ಪ್ಲೇಟುಗಳ ರೂಪದಲ್ಲಿ ಬರುತ್ತಿದ್ದವು. ಅವುಗಳಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ; ಗಾಜಿನ ಮೇಲೆ ರಾಗಿ ಚೆಲ್ಲಿದ ಹಾಗೆ. ಆ ರಾಗಿಯ ನಡುವೆ ಅಲ್ಲಲ್ಲಿ ಮಸಿ ಒರೆಸಿದಂಥ ಗುರುತುಗಳು. ಅವೇ ಗೆಲಾಕ್ಸಿಗಳು. ಸೂಕ್ಷ್ಮದರ್ಶಕದ ಕೆಳಗೆ ಪ್ಲೇಟು ಇಟ್ಟು, ಒಂದೊಂದು ಗೆಲಾಕ್ಸಿ ಯಾವ ದಿಕ್ಕಿಗೆ ಉದ್ದವಾಗಿದೆ ಎಂದು ಅಳೆದು ಬರೆಯುವುದು ನನ್ನ ಕೆಲಸ.

ಇದನ್ನು ಅವ್ವನಿಗೆ ಚಿಕ್ಕದಾಗಿ ಬರೆದೆ. "ದಿನವೂ ಬೆಳಗಿನಿಂದ ಸಂಜೆವರೆಗೆ ಪ್ಲೇಟಿನದೇ ಕೆಲಸ. ಒಂದೂ ಒಡೆಯದಂತೆ ನೋಡಿಕೊಳ್ಳಬೇಕು." ಗೌರಮ್ಮನ ಮಗಳ ಕೈಯಲ್ಲಿ ಬರೆಸಿದ ಉತ್ತರ ಬಂತು. "ಎಂ.ಎಸ್ಸಿ. ಓದಿ ಅವರ ಮನೇಲಿ ಪ್ಲೇಟು ತೊಳಿಯಾಕೆ ಹೋದ್ಯಾ? ಕೂಡ್ಲೆ ಹೊಂಟು ಬಾ." ವಿವರಿಸಿ ಮೂರು ಕಾಗದ ಬರೆದರೂ ಅವಳ ಅನುಮಾನ ಹೋಗಲಿಲ್ಲ.

ನನ್ನ ಮೇಲಿನವರು ಮಿಸ್ ಲೋಗನ್. ಐವತ್ತು ದಾಟಿದ, ಎತ್ತರದ, ಕಡಿಮೆ ಮಾತಿನ ಹೆಂಗಸು. ಅವರ ಮುಖ ನೋಡಿ ಮೆಚ್ಚಿದರೋ ಮುನಿದರೋ ಹೇಳಲಾಗುತ್ತಿರಲಿಲ್ಲ. ಅಕ್ಟೋಬರಿನ ಹೊತ್ತಿಗೆ ನಾನು ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಅಳೆದಿದ್ದೆ. ಒಟ್ಟು ಮಾಡಿ ನೋಡಿ, ನಂಬದೆ ಮತ್ತೊಮ್ಮೆ ಕೂಡಿದೆ. ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಬಿದ್ದಿರಬೇಕಾದ ಗೆಲಾಕ್ಸಿಗಳಲ್ಲಿ ಬಹುಪಾಲು ಒಂದೇ ಕಡೆಗೆ ವಾಲಿದ್ದವು. ಗದ್ದೆಯ ಪೈರು ಗಾಳಿಗೆ ಬಾಗಿದ ಹಾಗೆ.

ಮಿಸ್ ಲೋಗನ್ ಆ ಹಾಳೆಯನ್ನು ಎರಡು ಸಲ ನೋಡಿದರು. "ವಿಚಿತ್ರ" ಎಂದರು. ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಅದೇ ಎಂದು ಪಕ್ಕದ ಕೋಣೆಯವರು ಆಮೇಲೆ ಹೇಳಿದರು. ಪತ್ರಿಕೆಯೊಂದಕ್ಕೆ ಕಳಿಸಲು ಪುಟ್ಟ ಲೇಖನ ತಯಾರಾಯಿತು. ಚಳಿಗಾಲದಲ್ಲಿ ಊರಿನ ಜನರಿಗೆಂದು ವೀಕ್ಷಣಾಲಯ ನಡೆಸುವ ಉಪನ್ಯಾಸ ಈ ಸಲ ನನ್ನದೇ ಎಂದೂ ಗೊತ್ತಾಯಿತು. 'ಗೆಲಾಕ್ಸಿಗಳು ಏಕೆ ವಾಲಿವೆ?' ಎಂಬ ಚೀಟಿ ಬ್ರೆಡ್ಡಿನ ಅಂಗಡಿಯ ಗಾಜಿನ ಮೇಲೆ, ನನ್ನ ಹೆಸರಿನಲ್ಲಿ ಎರಡು ತಪ್ಪುಗಳೊಡನೆ, ಅಂಟಿಕೊಂಡಿತು.

ಹರಿಹರದ ರುದ್ರಣ್ಣ

ಆ ದೇಶದಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವನು ಒಬ್ಬನೇ. ಹರಿಹರದ ಯಂತ್ರದ ಕಾರ್ಖಾನೆಯ ಫಿಟ್ಟರ್ ರುದ್ರಪ್ಪ. ತರಬೇತಿಗೆಂದು ಗ್ಲಾಸ್ಗೋಗೆ ಬಂದಿದ್ದ. ಅವನಿಗೆ ಊರಿಂದ ಬಂದ ಕಾಗದವೊಂದರಲ್ಲಿ ನನ್ನ ವಿಷಯ ತಿಳಿದು, ಆಗಾಗ ಭಾನುವಾರ ರೈಲು ಹಿಡಿದು ಬಂದು ಶೇಂಗಾ ಚಟ್ನಿಪುಡಿ ಹಂಚಿಕೊಂಡು ಹೋಗುತ್ತಿದ್ದ. ಮೊದಲು 'ಮೇಡಮ್ನೋರೆ' ಎನ್ನುತ್ತಿದ್ದವನು ಈಗ 'ತಂಗೀ' ಎನ್ನುತ್ತಿದ್ದ. ನಾನು ರುದ್ರಣ್ಣ ಎನ್ನುತ್ತಿದ್ದೆ.

ಉಪನ್ಯಾಸಕ್ಕೆ ಐದು ದಿನವಿತ್ತು. ಅಪ್ಪಣೆ ಪಡೆದು ಅವನಿಗೆ ಅಳೆಯುವ ಯಂತ್ರ ತೋರಿಸಿದೆ. ಅವನು ಗೆಲಾಕ್ಸಿಗಿಂತ ಯಂತ್ರದ ಹಿತ್ತಾಳೆ ತಿರುಪನ್ನೇ ಹೆಚ್ಚು ಹೊತ್ತು ನೋಡಿ, "ಏನ್ ಕೆಲ್ಸ ಮಾಡ್ಯಾರ್ರೀ!" ಎಂದು ಸವರಿದ. ಆಮೇಲೆ ಕಣ್ಣಿಟ್ಟ.

"ನಡುವೆ ಇರೋದು ನೋಡು ರುದ್ರಣ್ಣ. ಬಲಗಡೆಗೆ ವಾಲಿಲ್ವಾ?"

"ದುಂಡಗೈತೆ."

"ಸರಿಯಾಗಿ ನೋಡು."

"ನೋಡ್ದೆ ತಂಗಿ. ರಾಗಿಮುದ್ದೆ ಇದ್ದಂಗೆ ದುಂಡಗೈತೆ."

ನಾನು ಕಣ್ಣಿಟ್ಟೆ. ಬಲಕ್ಕೆ ವಾಲಿತ್ತು. ಅವನಿಗೆ ಅಭ್ಯಾಸವಿಲ್ಲ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

"ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕೋಬ್ಯಾಡ. ಮೇಜು ಸಮ ಐತಾ ಅಂತ ನೋಡಾಕೆ ನಾವು ಅದರ ಮ್ಯಾಲೆ ರಸಮಟ್ಟ ಇಡ್ತೀವಿ. ಒಳಗಿನ ಗುಳ್ಳೆ ಒಂದ್ ಕಡಿಗೆ ಹೋತು ಅನ್ನು. ಮೇಜು ವಾಲೈತಾ, ಮಟ್ಟಾನೇ ಕೆಟ್ಟೈತಾ, ಹೆಂಗೆ ಗೊತ್ತಾಗ್ಬೇಕು?"

"ಹೆಂಗೆ?"

"ಮಟ್ಟಾನ ತುದಿ ಬದಲಿ ಮಾಡಿ ಇಡ್ತೀವಿ. ಗುಳ್ಳೆ ಆಗಲೂ ಮೇಜಿನ ಅದೇ ಕಡಿಗೆ ನಿಂತ್ರೆ ಮೇಜು ವಾಲೈತೆ. ಗುಳ್ಳೆನೂ ಮಟ್ಟದ ಜೋಡಿ ತಿರುಗಿದ್ರೆ ಮಟ್ಟ ಕೆಟ್ಟೈತೆ. ನೀನು ಈ ಗಾಜು ತಿರುವಿ ಇಟ್ಟು ನೋಡೀಯಾ?"

ನಾನು ನೋಡಿರಲಿಲ್ಲ. ಪ್ಲೇಟಿನ ಮೇಲೆ ಉತ್ತರ ದಿಕ್ಕಿನ ಗುರುತಿತ್ತು. ಮೊದಲ ದಿನದಿಂದಲೂ ಅದನ್ನು ಮೇಲಕ್ಕೆ ಮಾಡಿಯೇ ಇಡುತ್ತಿದ್ದೆ. ಕಾರ್ಖಾನೆಯವನಿಗೆ ಆಕಾಶದ ವಿಷಯ ಏನು ಗೊತ್ತೆಂದು ಒಳಗೊಳಗೇ ಸಿಟ್ಟು ಬಂತು. ಅವನೆದುರು ತಿರುಗಿಸಿ ನೋಡಲು ಮನಸ್ಸಾಗಲಿಲ್ಲ. ಹೆದರಿಕೆಯೂ ಆಯಿತು. ಟೀ ಕುಡಿಸಿ ರೈಲು ಹತ್ತಿಸಿ ಬಂದೆ.

ಸೋಮವಾರ, ಮಂಗಳವಾರ

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಪ್ಲೇಟನ್ನು ಕಾಲು ಸುತ್ತು ತಿರುಗಿಸಿಟ್ಟೆ. ವಾಲು ಆಕಾಶದ್ದಾಗಿದ್ದರೆ ಗೆಲಾಕ್ಸಿಗಳೂ ಪ್ಲೇಟಿನೊಡನೆ ತಿರುಗಬೇಕಿತ್ತು. ತಿರುಗಲಿಲ್ಲ. ಹಿಂದೆ ಹೇಗೆ ಬಲಕ್ಕೆ ವಾಲಿದ್ದವೋ ಹಾಗೇ ಬಲಕ್ಕೇ ವಾಲಿದ್ದವು. ಇನ್ನೊಂದು ಕಾಲು ಸುತ್ತು ತಿರುಗಿಸಿದೆ. ಅದೇ ವಾಲು. ಕೊನೆಗೆ ಬಲಗಣ್ಣು ಮುಚ್ಚಿ, ಎಂದೂ ಉಪಯೋಗಿಸದ ಎಡಗಣ್ಣಿಟ್ಟೆ. ಒಂದಿಷ್ಟು ಗೆಲಾಕ್ಸಿಗಳು ಮುದ್ದೆಯಂತೆ ದುಂಡಗೆ ಕೂತಿದ್ದವು.

ಗೆಲಾಕ್ಸಿಗಳು ವಾಲಿರಲಿಲ್ಲ. ನನ್ನ ಬಲಗಣ್ಣು ಎಲ್ಲವನ್ನೂ ವಾಲಿಸಿ ತೋರಿಸುತ್ತಿತ್ತು.

ಆ ದಿನ ಯಾರಿಗೂ ಹೇಳಲಿಲ್ಲ. ಸಮುದ್ರದ ದಂಡೆಯಲ್ಲಿ ನಡೆದೆ. ಅವ್ವ ಹೇಳಿದ ಮಾತು ನೆನಪಾಯಿತು. ಆದರೆ ವಾಪಸ್ ಹೋಗಿ ಏನೆಂದು ಹೇಳಲಿ? ಹುಟ್ಟಿದಾರಭ್ಯ ನೋಡಿದ್ದೆಲ್ಲ ನಿಜವಾಗಿ ಹಾಗೇ ಇತ್ತೋ ಇಲ್ಲವೋ ಎಂದು ಒಂದೊಂದಾಗಿ ಅನುಮಾನ ಬರತೊಡಗಿತು. ದೀಪದ ಕಂಬ ನೋಡಿದೆ. ಒಂದು ಕಣ್ಣಿಗೆ ಚೂಪು, ಇನ್ನೊಂದಕ್ಕೆ ಮಸುಕು. ಇಷ್ಟು ವರ್ಷ ಎರಡನ್ನೂ ಕೂಡಿಸಿ ನೋಡಿಕೊಂಡು ಇದೇ ಲೋಕವೆಂದುಕೊಂಡಿದ್ದೆ.

ಮಂಗಳವಾರ ಮಿಸ್ ಲೋಗನ್ ಕೋಣೆಗೆ ಹೋದಾಗ ಅವರು ನಮ್ಮ ಲೇಖನವನ್ನು ಲಕೋಟೆಯೊಳಗೆ ಹಾಕಿ ಅಂಟಿಸುತ್ತಿದ್ದರು. ಈಗ ಹೇಳದಿದ್ದರೆ ಇನ್ನು ಹೇಳಲಾರೆ ಅನ್ನಿಸಿತು.

"ಅದನ್ನು ಕಳಿಸಬೇಡಿ. ತಪ್ಪು ನನ್ನ ಕಣ್ಣಿನದು" ಎಂದೆ.

ಅವರು ಎದ್ದು ಬಂದು ಯಂತ್ರದ ಮುಂದೆ ಕೂತರು. ಒಂದು ಗಂಟೆ ಅಳೆದರು. ನಾನು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಲಕೋಟೆಯನ್ನು ಮೇಜಿನ ಖಾನೆಯೊಳಗಿಟ್ಟು ಮುಚ್ಚಿದರು.

"ನಾನೂ ತಿರುಗಿಸಿ ನೋಡು ಎಂದು ನಿನಗೆ ಹೇಳಲಿಲ್ಲ. ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನಿನಗೆ ಹೇಗೆ ಹೊಳೆಯಿತು?"

"ನನಗಲ್ಲ. ನಮ್ಮೂರ ಕಡೆಯ ಒಬ್ಬ ಫಿಟ್ಟರಿಗೆ."

"ಅವನ ಹೆಸರು ಬರೆದುಕೊಡು" ಎಂದರು. ನಾನು ಬರೆದ ಚೀಟಿಯನ್ನೂ ಅದೇ ಖಾನೆಯಲ್ಲಿಟ್ಟರು. "ಶುಕ್ರವಾರ ಮಾತಾಡುವವಳು ನೀನೇ. ವಿಷಯ ಸ್ವಲ್ಪ ಬದಲಾಗಿದೆ, ಅಷ್ಟೆ."

ಸಿಟ್ಟೋ ಕರುಣೆಯೋ ಆಗಲೂ ಗೊತ್ತಾಗಲಿಲ್ಲ.

ಊರಿನ ಸಭಾಂಗಣ

ಶುಕ್ರವಾರ ಸಂಜೆ ಆರಕ್ಕೆ ಸಭಾಂಗಣ ತುಂಬಿತ್ತು. ಮೀನುಗಾರರು, ಅಂಗಡಿಯವರು, ಹೆಣಿಗೆ ಹಾಕುತ್ತಾ ಕೂತ ಹೆಂಗಸರು. ಮಿಸೆಸ್ ರೀಡ್ ಮುಂದಿನ ಸಾಲಿನಲ್ಲಿ ಟೋಪಿ ಹಾಕಿಕೊಂಡು ಕೂತಿದ್ದರು. ನಾನು ಗೆಲಾಕ್ಸಿ ಎಂದರೇನು, ಹೇಗೆ ಅಳೆಯುತ್ತೇವೆ ಎಂದು ಹೇಳಿದೆ. ಐದು ತಿಂಗಳ ಲೆಕ್ಕ ತೋರಿಸಿದೆ. ಆಮೇಲೆ, ಅದೆಲ್ಲ ಸುಳ್ಳಾಯಿತು ಎಂದೆ. ರುದ್ರಣ್ಣನ ರಸಮಟ್ಟದ ಕಥೆಯನ್ನು ಅವನು ಹೇಳಿದಂತೆಯೇ ಹೇಳಿದೆ.

ಯಾರೂ ಉಸಿರೆತ್ತಲಿಲ್ಲ. ನಮ್ಮಲ್ಲಾದರೆ ಹೊತ್ತಿಗೆ ಮುಂಚೆಯೇ ನಾಲ್ಕು ಜನ ಎದ್ದು ಪ್ರಶ್ನೆ ಹಾಕುತ್ತಿದ್ದರು, ಮಕ್ಕಳು ಓಡಾಡುತ್ತಿದ್ದವು. ಇಲ್ಲಿ ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ಆಮೇಲೆ ಹಿಂದಿನ ಸಾಲಿನವರು ನೆಲಕ್ಕೆ ಕಾಲು ಬಡಿಯತೊಡಗಿದರು. ಮುಂದಿನವರೂ ಬಡಿದರು. ಹಲಗೆಯ ನೆಲ ಗುಡುಗಿದಂತಾಯಿತು. ಮೋಸವಾಯಿತೆಂದು ಸಿಟ್ಟಾಗಿದ್ದಾರೆ, ಎದ್ದು ಬರುತ್ತಾರೆ ಎಂದುಕೊಂಡು ನಾನು ನಕ್ಷೆ ಸುತ್ತಿಕೊಂಡು ಹಿಂದಿನ ಬಾಗಿಲ ಕಡೆ ಹೊರಟೇಬಿಟ್ಟೆ. ಮಿಸ್ ಲೋಗನ್ ತೋಳು ಹಿಡಿದು ನಿಲ್ಲಿಸಿದರು. ಅಲ್ಲಿಯವರು ಬಹಳ ಮೆಚ್ಚಿದರೆ ಹಾಗೆ ಕಾಲು ಬಡಿಯುತ್ತಾರಂತೆ.

ಮುದುಕ ಮೀನುಗಾರನೊಬ್ಬ ಎದ್ದು ಏನೋ ಕೇಳಿದ. ಅರ್ಥವಾಗಲಿಲ್ಲ. ಮತ್ತೆ ಕೇಳಿದ. ಮೂರನೆಯ ಸಲಕ್ಕೆ ತಿಳಿಯಿತು. "ಹಾಗಾದರೆ ಅವು ವಾಲಿವೆಯೋ ಇಲ್ಲವೋ?"

"ಗೊತ್ತಿಲ್ಲ. ಮೊದಲಿಂದ ಅಳೆಯಬೇಕು."

ಅವನು ತಲೆಯಾಡಿಸಿ ಕೂತ. ಆ ಉತ್ತರ ಅವನಿಗೆ ಸಾಕಾಗಿತ್ತು. ನನಗೆ ಸಾಕಾಗಿರಲಿಲ್ಲ.

ಮರುದಿನ ಮಿಸೆಸ್ ರೀಡ್ ನನ್ನನ್ನು ಕನ್ನಡಕದ ಅಂಗಡಿಗೆ ಕರೆದೊಯ್ದರು. ಅಲ್ಲಿ ನಡುವಿನಿಂದ ಸುತ್ತಲೂ ಎಳೆದ ಗೆರೆಗಳ ಚಿತ್ರ ತೋರಿಸಿದಾಗ, ನನ್ನ ಬಲಗಣ್ಣಿಗೆ ಒಂದು ದಿಕ್ಕಿನ ಗೆರೆಗಳು ಮಾತ್ರ ಚೂಪಾಗಿ ಕಂಡವು. ಹೊಸ ಕನ್ನಡಕ ಹಾಕಿಕೊಂಡು, ಪ್ರತಿ ಪ್ಲೇಟನ್ನೂ ನಾಲ್ಕು ಕಡೆ ತಿರುಗಿಸಿ, ಆರು ತಿಂಗಳಲ್ಲಿ ಎಲ್ಲವನ್ನೂ ಮತ್ತೆ ಅಳೆದೆ. ವಾಲು ಕರಗಿಹೋಯಿತು. ಪೂರ್ತಿಯಲ್ಲ; ಒಂಚೂರು ಉಳಿಯಿತು. ಅದು ಆಕಾಶದ್ದೋ, ಇನ್ನೂ ಯಾವುದೋ ತಿಳಿಯದ ತಪ್ಪಿನದೋ ಹೇಳಲಾಗದೆಂದೇ ನಮ್ಮ ಲೇಖನದಲ್ಲಿ ಬರೆದೆವು. ಅದರ ಕೊನೆಯಲ್ಲಿ ಹರಿಹರದ ರುದ್ರಪ್ಪನಿಗೆ ಕೃತಜ್ಞತೆ ಅಚ್ಚಾಗಿದೆ.

ಮಲೆಬೆನ್ನೂರು

ವಾಪಸ್ ಬಂದಾಗ ಸ್ಟೇಷನ್ನಿನಲ್ಲಿ ಅವ್ವ ನನ್ನ ಮುಖವನ್ನೇ ನೋಡಿದಳು. "ಇದ್ಯಾಕ ಕನ್ನಡ್ಕ? ಪ್ಲೇಟು ತೊಳ್ದೂ ತೊಳ್ದೂ ಕಣ್ಣು ಹೋತಾ?" ಎಂದು ಅಳತೊಡಗಿದಳು. ಕಣ್ಣು ಮೊದಲೇ ಹೀಗಿತ್ತು, ಅಲ್ಲಿ ಗೊತ್ತಾಯಿತು ಎಂದರೆ ನಂಬಲಿಲ್ಲ.

ನನಗಿಂತ ಮುಂಚೆ ಊರು ಸೇರಿದ್ದ ರುದ್ರಣ್ಣ, ಮಲೆಬೆನ್ನೂರಿನ ಶಾಲೆಯಲ್ಲಿ ಗೆಲಾಕ್ಸಿಯ ಬಗ್ಗೆ ನನ್ನದೊಂದು ಭಾಷಣ ಗೊತ್ತು ಮಾಡಿಬಿಟ್ಟಿದ್ದ. ಅವನ ಅಕ್ಕ ಹಾಲಮ್ಮನನ್ನು ಕೊಟ್ಟದ್ದು ಆ ಊರಿಗೆ. ಭಾನುವಾರ ಮಧ್ಯಾಹ್ನ ನಾಟಿ ಮುಗಿಸಿದ ಜನ ಬಂದು ಕೂತರು. ಇಲ್ಲಿ ಯಾರೂ ಸುಮ್ಮನಿರಲಿಲ್ಲ.

"ಅಕ್ಕಾರೆ, ಅಷ್ಟ್ ದೂರ ಹೋಗಿ ಏನ್ ಕಂಡ್ ಹಿಡಿದ್ರಿ?" ಎಂದು ಹಿಂದಿನಿಂದ ಒಬ್ಬರು ಕೂಗಿದರು.

"ನನ್ನ ಕಣ್ಣು ಸರಿ ಇಲ್ಲ ಅಂತ" ಎಂದೆ. ಬಿದ್ದು ಬಿದ್ದು ನಕ್ಕರು. ಹೇಗೆಂದು ತೋರಿಸಲು ಕಪ್ಪು ಹಲಗೆಯ ಮೇಲೆ ಗಾಡಿಯ ಚಕ್ರದ ಕಡ್ಡಿಗಳಂತೆ ಸುತ್ತಲೂ ಗೆರೆ ಎಳೆದೆ. "ಒಂದು ಕಣ್ಣು ಮುಚ್ಚಿ ನೋಡಿ. ಎಲ್ಲ ಗೆರೆಯೂ ಒಂದೇ ಸಮ ಕಾಣುತ್ತವಾ?"

ಗದ್ದಲವೆದ್ದಿತು. ಒಂದೇ ಸಮ ಎಂದು ಬಹಳ ಜನ. ಮುಂದೆ ಕೂತಿದ್ದ ಹಾಲಮ್ಮ ಮಾತ್ರ ಎದ್ದು ಹಲಗೆಯ ಹತ್ತಿರ ಬಂದಳು, ಮತ್ತೆ ಹಿಂದಕ್ಕೆ ಹೋದಳು.

"ಅಡ್ಡಗೆರೆ ಕಾಣ್ತಾವೆ. ನಿಂತಿರೋವು ಕಲಸಿ ಹೋಗ್ಯಾವೆ. ನೀವು ಅಳಿಸೀರಾ ಹೆಂಗೆ?"

"ಇಲ್ಲಮ್ಮ. ಅಳಿಸಿಲ್ಲ."

ಅವಳು ಅಲ್ಲೇ ನಿಂತಳು. ಮೆಲ್ಲಗೆ ಹೇಳಿದಳು. "ಮಾಸ್ತರು ಹೆಂಗಸರಿಗೆ ಅಕ್ಷರ ಕಲಿಸ್ತಿದ್ರು. ನಂಗೆ ಅಕ್ಷರ ಒಂದ್ರೊಳಗೊಂದು ಹೊಕ್ಕಂಡಂಗೆ ಕಾಣ್ತಿದ್ವು. ನಂಗೆ ಬುದ್ಧಿ ಇಲ್ಲ ಅಂತ ಬಿಟ್ಬಿಟ್ಟೆ."

ರುದ್ರಣ್ಣ ತಲೆ ತಗ್ಗಿಸಿದ. ಅವನೂ ಹಾಗೇ ತಿಳಿದಿದ್ದನಂತೆ.

ಆ ವಾರ ಹಾಲಮ್ಮನನ್ನೂ, ಅವಳಂತೆಯೇ ಗೆರೆ ಕಾಣದ ಇನ್ನಿಬ್ಬರನ್ನೂ ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹತ್ತು ದಿನದ ಮೇಲೆ ಕನ್ನಡಕ ತಯಾರಾಯಿತು. ಉಳಿದಿಬ್ಬರು ದಾವಣಗೆರೆಯಲ್ಲೇ ನೆಂಟರ ಮನೆಗೆ ಹೋದರು. ಹಾಲಮ್ಮನನ್ನು ಹರಿಹರದವರೆಗೆ ಬಿಡಲು ನಾನು ಬಸ್ಸು ಹತ್ತಿದೆ. ಅವಳು ಕಿಟಕಿಯ ಪಕ್ಕ ಕೂತು ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡೇ ಇದ್ದಳು, ಜಾರಿ ಬಿದ್ದೀತೆಂದು. ಮಾಸ್ತರು ಹಿಂದೆ ಕಲಿಸಿದ ಅಕ್ಷರಗಳು ಅವಳೊಳಗೆ ಎಲ್ಲೋ ಉಳಿದಿದ್ದವು. ಬಾತಿಯ ಹತ್ತಿರ ಮೈಲಿಗಲ್ಲೊಂದನ್ನು ನೋಡಿ, "ಬಾ... ತಿ" ಎಂದು ಗಟ್ಟಿಯಾಗಿ ಓದಿ, ತಾನೇ ಬೆದರಿ ನನ್ನ ಮುಖ ನೋಡಿದಳು. ಆಮೇಲೆ ಸೈಕಲ್ ಅಂಗಡಿ, ಬಟ್ಟೆ ಅಂಗಡಿ, ಕಾಫಿ ಹೋಟೆಲು, ಯಾವುದನ್ನೂ ಬಿಡಲಿಲ್ಲ. ಬಸ್ಸು ಮುಂದೆ ಓಡಿದರೆ ಅರ್ಧ ಓದಿದ ಹೆಸರಿಗಾಗಿ ಹಿಂದಕ್ಕೆ ತಿರುಗಿ ಕತ್ತು ಚಾಚುತ್ತಿದ್ದಳು.

ಅಲ್ಲಿಗೆ ಹೋಗಿ ನಾನು ಏನು ಮಾಡಿ ಬಂದೆ ಎಂದು ಈಗಲೂ ಯಾರಾದರೂ ಕೇಳಿದರೆ ಸರಿಯಾದ ಉತ್ತರ ಹೊಳೆಯುವುದಿಲ್ಲ. ಆ ದಿನ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಕೂತಿದ್ದೆ. ಹರಿಹರ ಬಂತು. ಎಲ್ಲರೂ ಇಳಿದರು. ಹಾಲಮ್ಮ ಮಾತ್ರ ಇಳಿಯುವ ಬಾಗಿಲ ಮೇಲೆ ಬರೆದಿದ್ದ ಸೂಚನೆಯ ಮುಂದೆ, ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು.

"ಇಳೀರಮ್ಮಾ, ಮಲೆಬೆನ್ನೂರು ಬಸ್ಸು ಹೊಂಟೈತೆ" ಎಂದು ಕಂಡಕ್ಟರ್ ಕೂಗಿದ.

"ಹೋದ್ರೆ ಹೋಗ್ಲಿ ಬಿಡಪ್ಪಾ" ಎಂದಳು ಹಾಲಮ್ಮ, ತಿರುಗಿ ನೋಡದೆ. "ಇನ್ನೂ ಒಂದ್ ಸಾಲು ಐತೆ."